ಕನ್ನಡ ಪುಟಕ್ಕೆ ಫೀಚರ್ಡ್ ಸ್ನಿಪೆಟ್: ಉತ್ತರ ಎಲ್ಲಿರಬೇಕು, ಎಷ್ಟಿರಬೇಕು, ಯಾಕೆ ಸಿಗುತ್ತಿಲ್ಲ?

ಬಸವನಗುಡಿ_ಬರಹ
ಬೆಂಗಳೂರಿನ ಖಾತಾ, ಇಸಿ (ಋಣಭಾರ ಪ್ರಮಾಣಪತ್ರ), ಆಸ್ತಿ ತೆರಿಗೆ, ಮೆಟ್ರೊ ಇಂಥ ವಿಷಯಗಳನ್ನು ಕನ್ನಡದಲ್ಲಿ ವಿವರಿಸುವ ಸೈಟೊಂದಕ್ಕೆ ಸಲಹೆ ಬೇಕಿದೆ. ‘ಖಾತಾ ಎಂದರೇನು’, ‘ಇಸಿ ತೆಗೆಯುವುದು ಹೇಗೆ’ ಎಂದು ಹುಡುಕಿದರೆ ನಮ್ಮ ಪುಟಗಳು ಗೂಗಲ್‌ನ ಮೊದಲ ಪುಟದಲ್ಲೇ, 4ರಿಂದ 7ನೇ ಸ್ಥಾನದೊಳಗೆ ಬರುತ್ತವೆ. ಆದರೆ ಎಲ್ಲಕ್ಕಿಂತ ಮೇಲೆ ಚೌಕದಲ್ಲಿ ಕಾಣುವ ಉತ್ತರ, ಅಂದರೆ ಫೀಚರ್ಡ್ ಸ್ನಿಪೆಟ್, ಬೇರೆಯವರದು. ಕೆಲವು ಕಡೆ ಅದು ಇಂಗ್ಲಿಷಿನಿಂದ ಯಂತ್ರಾನುವಾದ ಮಾಡಿದ ಪುಟದ್ದು, ಓದಿದರೆ ಅರ್ಥವೇ ಆಗದು. ನಮ್ಮ ಲೇಖನಗಳು ಉದ್ದವಾಗಿವೆ, ಮಾಹಿತಿ ಸರಿಯಿದೆ. ಸ್ಕೀಮಾ (ಪುಟದಲ್ಲಿ ಏನಿದೆ ಎಂದು ಯಂತ್ರಕ್ಕೆ ತಿಳಿಸುವ ಕೋಡ್) ಹಾಕಬೇಕೆ? ಪದಗಳಿಗೆ ಮಿತಿ ಇದೆಯೆ? ತಿಳಿದವರು ಬಿಡಿಸಿ ಹೇಳಿ.

ನುಡಿತಂತ್ರ
ಸ್ಕೀಮಾ ಮಾತು ಮೊದಲು ಮುಗಿಸೋಣ. ಫೀಚರ್ಡ್ ಸ್ನಿಪೆಟ್‌ಗೆಂದೇ ಯಾವ ಮಾರ್ಕಪ್ಪೂ ಇಲ್ಲ. ನಮ್ಮ ಪುಟವನ್ನು ಸ್ನಿಪೆಟ್ ಆಗಿ ತೋರಿಸಿ ಎಂದು ಗುರುತು ಹಾಕಲು ಬರುವುದಿಲ್ಲ ಎಂದು ಗೂಗಲ್‌ನ ಸಹಾಯಪುಟವೇ ಹೇಳುತ್ತದೆ. ಎಫ್‌ಎಕ್ಯೂ, ಹೌ-ಟು (ಪ್ರಶ್ನೋತ್ತರ, ಹಂತಹಂತದ ವಿವರಣೆ) ಸ್ಕೀಮಾಗಳು ಇದ್ದದ್ದು ಬೇರೆ ಸೌಲಭ್ಯಕ್ಕೆ. 2023ರ ಆಗಸ್ಟ್‌ನಲ್ಲಿ ಎಫ್‌ಎಕ್ಯೂ ಫಲಿತಾಂಶವನ್ನು ಸರ್ಕಾರಿ ಮತ್ತು ಆರೋಗ್ಯ ಕ್ಷೇತ್ರದ ಹೆಸರಾಂತ ಸೈಟುಗಳಿಗೆ ಸೀಮಿತ ಮಾಡಿದರು. ಸೆಪ್ಟೆಂಬರ್‌ನಲ್ಲಿ ಹೌ-ಟು ಪೂರ್ತಿ ಹೋಯಿತು. ‘ಸ್ನಿಪೆಟ್ ತರಿಸುವ ಸ್ಕೀಮಾ’ ಎಂದು ಯಾರಾದರೂ ಪ್ಲಗಿನ್ ಮಾರಲು ಬಂದರೆ ದುಡ್ಡು ಕೊಡಬೇಡಿ.

4ರಿಂದ 7ನೇ ಸ್ಥಾನ ಅಂದರೆ ಕಷ್ಟದ ಭಾಗ ಆಗಿಹೋಗಿದೆ. ಸ್ನಿಪೆಟ್ ಬಹುಮಟ್ಟಿಗೆ ಮೊದಲ ಪುಟದ ಫಲಿತಾಂಶಗಳೊಳಗಿಂದಲೇ ಆಯ್ಕೆಯಾಗುತ್ತದೆ, ಆದರೆ ಮೊದಲನೆಯದೇ ಆಗಬೇಕೆಂದಿಲ್ಲ. ಆರನೆಯದನ್ನು ಎತ್ತಿ ತಲೆಯ ಮೇಲೆ ಕೂರಿಸುವುದು ಸಾಮಾನ್ಯ. ಹಾಗೆ ಎತ್ತುವಾಗ ಗೂಗಲ್ ಇಡೀ ಲೇಖನದ ಗುಣ ನೋಡಿ ಬಹುಮಾನ ಕೊಡುವುದಿಲ್ಲ, ಪ್ರಶ್ನೆಗೆ ಹೊಂದುವ ಒಂದು ತುಣುಕನ್ನು ಹುಡುಕುತ್ತದೆ. ಆ ತುಣುಕನ್ನು ಕತ್ತರಿಸಿ ಬೇರೆ ಕಡೆ ಇಟ್ಟರೂ ಅರ್ಥವಾಗಬೇಕು. ನಿಮ್ಮ ಖಾತಾ ಪುಟದಲ್ಲಿ ಶೀರ್ಷಿಕೆಯ ಕೆಳಗಿರುವ ಮೊದಲ ಪ್ಯಾರಾ ಇಲ್ಲಿ ಅಂಟಿಸಿ, ನೋಡೋಣ.

ಬಸವನಗುಡಿ_ಬರಹ
ಇದು ಸರ್: “ಬೆಂಗಳೂರಿನಲ್ಲಿ ಸ್ವಂತ ಮನೆ ಇರಬೇಕೆಂಬುದು ಎಲ್ಲರ ಕನಸು. ಸೈಟು ಕೊಳ್ಳುವಾಗ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು ಖಾತಾ. ಹಾಗಾದರೆ ಇದು ಏನು? ಯಾಕೆ ಇಷ್ಟು ಮುಖ್ಯ? ಬನ್ನಿ, ಈ ಲೇಖನದಲ್ಲಿ ವಿವರವಾಗಿ ತಿಳಿಯೋಣ.” ಅರ್ಥ ಬರುವುದು ಮೂರನೇ ಪ್ಯಾರಾದಲ್ಲಿ.

ನುಡಿತಂತ್ರ
ಕಾರಣ ಇಲ್ಲೇ ಇದೆ. ‘ಖಾತಾ ಎಂದರೇನು’ ಎಂಬ ಹೆಡಿಂಗ್ ಕೆಳಗೆ ಉತ್ತರದ ಬದಲು ಇನ್ನೂ ಎರಡು ಪ್ರಶ್ನೆಗಳಿವೆ. ಮೂರನೇ ಪ್ಯಾರಾಕ್ಕೆ ಬರುವ ಹೊತ್ತಿಗೆ ನೀವು ‘ಖಾತಾ’ ಬಿಟ್ಟು ‘ಇದು’, ‘ಈ ದಾಖಲೆ’ ಎಂದು ಬರೆದಿರುತ್ತೀರಿ. ಕತ್ತರಿಸಿದಾಗ ‘ಇದು’ ಯಾವುದು ಎಂದು ಯಂತ್ರಕ್ಕೂ ಗೊತ್ತಾಗದು, ಓದುಗರಿಗೂ ಗೊತ್ತಾಗದು.

ಎಚ್2 ಹೆಡಿಂಗ್‌ನಲ್ಲಿ ‘ಖಾತಾ ಎಂದರೇನು?’ ಎಂದಿಟ್ಟು, ಅದಕ್ಕೆ ತಾಗಿದಂತೆ ಒಂದೇ ಪಿ ಟ್ಯಾಗಿನೊಳಗೆ (ಪ್ಯಾರಾದ ಎಚ್‌ಟಿಎಂಎಲ್ ಗುರುತು) ಹೀಗೆ ಬರೆಯಿರಿ:

“ಖಾತಾ ಎಂದರೆ ಆಸ್ತಿ ತೆರಿಗೆ ವಸೂಲಿಗಾಗಿ ನಗರ ಪಾಲಿಕೆ ಇಟ್ಟುಕೊಳ್ಳುವ ದಾಖಲೆ. ಆಸ್ತಿ ಯಾರ ಹೆಸರಿನಲ್ಲಿದೆ, ಅದರ ಅಳತೆ ಎಷ್ಟು, ಎಲ್ಲಿದೆ, ಯಾವ ಬಳಕೆಯಲ್ಲಿದೆ ಎಂಬ ವಿವರ ಇದರಲ್ಲಿರುತ್ತದೆ. ತೆರಿಗೆ ಕಟ್ಟಲು, ಕಟ್ಟಡದ ಪರವಾನಗಿಗೆ, ಬ್ಯಾಂಕ್ ಸಾಲಕ್ಕೆ ಖಾತಾ ಬೇಕು. ಆದರೆ ಖಾತಾ ಮಾಲೀಕತ್ವದ ಹಕ್ಕುಪತ್ರವಲ್ಲ.”

ಮೊದಲ ವಾಕ್ಯವೇ ವ್ಯಾಖ್ಯಾನ. ಹೆಸರಿನಿಂದ ಶುರು, ‘ಎಂದರೆ’ ಇದೆ, ಯಾವ ವರ್ಗದ ವಸ್ತು ಎಂಬುದು (ದಾಖಲೆ) ಇದೆ, ಯಾಕೆ ಇದೆ ಎಂಬುದೂ ಇದೆ. ಕೊನೆಯ ವಾಕ್ಯ ಜನ ಸಾಮಾನ್ಯವಾಗಿ ತಪ್ಪು ತಿಳಿದಿರುವುದನ್ನು ತಿದ್ದುತ್ತದೆ. ಮನೆಯ ಕನಸಿನ ಮಾತು ಇರಲೇಬೇಕೆಂದಿದ್ದರೆ ಈ ಪ್ಯಾರಾ ಆದಮೇಲೆ ಇರಲಿ. ಹೆಡಿಂಗ್‌ಗೂ ಪ್ಯಾರಾಕ್ಕೂ ನಡುವೆ ಜಾಹೀರಾತು, ಚಿತ್ರ, ‘ಇದನ್ನೂ ಓದಿ’ ಕೊಂಡಿ ಯಾವುದೂ ಬೇಡ.

ಯಶವಂತಪುರ_ವೆಬ್
ಪದಮಿತಿ ಬಗ್ಗೆ. ಎಲ್ಲ ಕಡೆ ‘40ರಿಂದ 60 ಪದ’ ಎಂದು ಹೇಳುತ್ತಾರೆ. ಅದು ಇಂಗ್ಲಿಷ್ ಪುಟಗಳನ್ನು ನೋಡಿ ಹುಟ್ಟಿದ ಅಂದಾಜು, ಗೂಗಲ್ ಕೊಟ್ಟ ನಿಯಮವಲ್ಲ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ‘ಇಟ್ಟುಕೊಳ್ಳಬೇಕಾಗುತ್ತದೆ’ ಒಂದೇ ಪದ, ಇಂಗ್ಲಿಷಿನಲ್ಲಿ ಅದಕ್ಕೆ ಮೂರು ನಾಲ್ಕು ಬೇಕು. ಕನ್ನಡದಲ್ಲಿ 60 ಪದ ತುಂಬಿಸಿದರೆ ಚೌಕಕ್ಕೆ ಹಿಡಿಸದೆ ಮಧ್ಯದಲ್ಲಿ ತುಂಡಾಗುತ್ತದೆ. ನಮ್ಮ ಭಾಷೆಗೆ 25ರಿಂದ 40 ಪದ, ಮೂರು ನಾಲ್ಕು ವಾಕ್ಯ ಸಾಕು. ನುಡಿತಂತ್ರ ಅವರ ಮಾದರಿ ಆ ಅಳತೆಯಲ್ಲೇ ಇದೆ. ತುಂಡಾದರೂ ಅರ್ಥ ಉಳಿಯಬೇಕು, ಹಾಗಾಗಿ ಮುಖ್ಯ ಮಾತು ಮೊದಲ ವಾಕ್ಯದಲ್ಲೇ ಮುಗಿಯಲಿ.

ಬರೆದ ಮೇಲೆ ಗಟ್ಟಿಯಾಗಿ ಓದಿ. ಗೂಗಲ್ ಅಸಿಸ್ಟೆಂಟ್ ಧ್ವನಿಯಲ್ಲಿ ಉತ್ತರ ಕೊಡುವಾಗ ಇಂಥ ತುಣುಕುಗಳನ್ನೇ ಓದಿ ಹೇಳುವುದುಂಟು. ‘ಮೇಲ್ಕಂಡ’, ‘ಸದರಿ’, ‘ಕೆಳಕಂಡಂತೆ’ ಎಂಬ ಕಚೇರಿ ಮಾತುಗಳು ಒಂಟಿ ತುಣುಕಿನಲ್ಲಿ ನಿಲ್ಲುವುದಿಲ್ಲ.

ಹಲಸೂರು_ಕೆರೆ
ನನ್ನದು ಮೂಲಭೂತ ತಕರಾರು. ಉತ್ತರವನ್ನೆಲ್ಲ ಅಲ್ಲೇ ಕೊಟ್ಟುಬಿಟ್ಟರೆ ಪುಟಕ್ಕೆ ಯಾರು ಬರ್ತಾರೆ? ಜಾಹೀರಾತಿನಿಂದ ನಡೆಯುವ ಸಣ್ಣ ಕನ್ನಡ ಸೈಟಿಗೆ ಇದು ನಷ್ಟವಲ್ಲವೆ?

ಕೋರಮಂಗಲ_ಕೋಡ್
ತಕರಾರು ಸರಿಯೇ ಇದೆ. ಇನ್ನೊಂದು ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2020ರ ಜನವರಿಯ ಮೊದಲು ಸ್ನಿಪೆಟ್ ಸಿಕ್ಕ ಪುಟ ಕೆಳಗೆ ತನ್ನ ಮಾಮೂಲಿ ಸ್ಥಾನದಲ್ಲೂ ಇನ್ನೊಮ್ಮೆ ಕಾಣುತ್ತಿತ್ತು. ಆ ತಿಂಗಳಿಂದ ಹಾಗಿಲ್ಲ, ಸ್ನಿಪೆಟ್ ಸಿಕ್ಕರೆ ಮೊದಲ ಪುಟದಲ್ಲಿ ಅದೇ ನಿಮ್ಮ ಸ್ಥಾನ. ಆದ್ದರಿಂದ ಯಾವ ಪ್ರಶ್ನೆಗೆ ಸ್ನಿಪೆಟ್ ಬೇಕು ಎಂದು ಮೊದಲೇ ಆರಿಸಿಕೊಳ್ಳಬೇಕು.

ಒಂದೇ ಅಂಕಿಯಲ್ಲಿ ಮುಗಿಯುವ ಪ್ರಶ್ನೆಗಳಿವೆ. ‘ಹಳದಿ ಮಾರ್ಗದಲ್ಲಿ ಎಷ್ಟು ನಿಲ್ದಾಣ’ ಎಂದು ಕೇಳಿದವರಿಗೆ 16 ಎಂದು ಕಂಡರೆ ಸಾಕು, ಕ್ಲಿಕ್ ಮಾಡುವುದಿಲ್ಲ. ಅಂಥದಕ್ಕೆ ಬೆವರು ಸುರಿಸಬೇಡಿ. ‘ಇಸಿ ತೆಗೆಯುವುದು ಹೇಗೆ’, ‘ಎ ಖಾತಾಗೂ ಬಿ ಖಾತಾಗೂ ಏನು ವ್ಯತ್ಯಾಸ’ ಇವು ಬೇರೆ. ಚೌಕದಲ್ಲಿ ಉತ್ತರದ ದಿಕ್ಕು ಗೊತ್ತಾಗುತ್ತದೆ, ಕೆಲಸ ಮಾಡಲು ಮಾತ್ರ ಪುಟಕ್ಕೆ ಬರಲೇಬೇಕು. ಮಾಹಿತಿ ಮುಚ್ಚಿಟ್ಟು ಕುತೂಹಲ ಕೆರಳಿಸುವ ತಂತ್ರ ನನಗೆ ಒಪ್ಪಿಗೆಯಿಲ್ಲ, ಅದು ಓದುಗರಿಗೆ ಮಾಡುವ ಮೋಸ. ಪ್ರಶ್ನೆಯ ಆಯ್ಕೆಯಲ್ಲೇ ಇದನ್ನು ಸರಿಮಾಡಿಕೊಳ್ಳಬಹುದು.

ಯಾವುದೋ ಒಂದು ಭಾಗ ಚೌಕಕ್ಕೆ ಹೋಗಬಾರದು ಎಂದಿದ್ದರೆ ಅದಕ್ಕೆ ಡೇಟಾ-ನೋಸ್ನಿಪೆಟ್ ಎಂಬ ಗುಣಲಕ್ಷಣ ಹಾಕಬಹುದು. ಸ್ಪ್ಯಾನ್, ಡಿವ್, ಸೆಕ್ಷನ್ ಈ ಮೂರು ಟ್ಯಾಗಿಗೆ ಮಾತ್ರ ಅದು ನಡೆಯುತ್ತದೆ. ಪುಟಕ್ಕೇ ನೋಸ್ನಿಪೆಟ್ ಹಾಕಿದರೆ ಮಾಮೂಲಿ ಫಲಿತಾಂಶದ ಕೆಳಗಿನ ಎರಡು ಸಾಲು ವಿವರಣೆಯೂ ಹೋಗುತ್ತದೆ, ಅದು ಹುಷಾರು.

ನುಡಿತಂತ್ರ
ಅದರ ತಿರುಗುಮುರುಗು ತೊಂದರೆಯೂ ಇದೆ. ಹಳೆಯ ಥೀಮ್ ಅಥವಾ ಪ್ಲಗಿನ್ ಪುಟದ ತಲೆಯಲ್ಲಿ ನೋಸ್ನಿಪೆಟ್ ಅಥವಾ ಮ್ಯಾಕ್ಸ್-ಸ್ನಿಪೆಟ್‌ಗೆ (ತುಣುಕಿನ ಗರಿಷ್ಠ ಉದ್ದ ಹೇಳುವ ಸೂಚನೆ) ಸಣ್ಣ ಅಂಕಿ ಹಾಕಿಟ್ಟಿರುತ್ತದೆ, ಸೈಟಿನವರಿಗೆ ಗೊತ್ತೇ ಇರುವುದಿಲ್ಲ. ಪುಟದ ಮೂಲ ತೆರೆದು ರೋಬೋಟ್ಸ್ ಮೆಟಾ ಟ್ಯಾಗ್ ನೋಡಿ. ಮ್ಯಾಕ್ಸ್-ಸ್ನಿಪೆಟ್ ಎದುರು -1 ಇದ್ದರೆ ಮಿತಿಯಿಲ್ಲ ಎಂದರ್ಥ, ಸರಿಯಿದೆ. 50, 100 ಎಂದೆಲ್ಲ ಇದ್ದರೆ ಸ್ನಿಪೆಟ್ ಸಿಗುವ ಸಾಧ್ಯತೆ ಕಮ್ಮಿಯಾಗುತ್ತದೆ.

ಲಿಪಿಗಾರ
ಯಾರೂ ಹೇಳದ ಒಂದು ಮಾತು ಸೇರಿಸುತ್ತೇನೆ. ಕನ್ನಡ ಸೈಟುಗಳಲ್ಲಿ ಅರ್ಧ ಸಮಸ್ಯೆ ಅಕ್ಷರದ್ದು.

‘ಬೆ೦ಗಳೂರು’, ‘ಕನಾ೯ಟಕ’. ಕಣ್ಣಿಗೆ ಸರಿಯಾಗಿಯೇ ಕಾಣುತ್ತವೆ. ಆದರೆ ಮೊದಲನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿದೆ, ಎರಡನೆಯದರಲ್ಲಿ ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು. ಯಂತ್ರಕ್ಕೆ ಇವು ಅಕ್ಷರದ ಮಧ್ಯೆ ಸಿಕ್ಕಿಕೊಂಡ ಅಂಕಿಗಳು. ಯೂನಿಕೋಡ್‌ನಲ್ಲಿ ಅನುಸ್ವಾರದ ಸಂಕೇತ 0ಸಿ82, ಸೊನ್ನೆಯದು 0ಸಿಇ6, ಒಂದಕ್ಕೊಂದು ಸಂಬಂಧವಿಲ್ಲ. ಓದುಗರು ಫೋನಿನ ಕೀಲಿಮಣೆಯಲ್ಲಿ ‘ಬೆಂಗಳೂರು’ ಎಂದು ಸರಿಯಾಗಿ ಒತ್ತಿ ಹುಡುಕುತ್ತಾರೆ, ನಿಮ್ಮ ಹೆಡಿಂಗ್‌ನಲ್ಲಿ ಇರುವುದೇ ಬೇರೆ ಪದ. ಗೂಗಲ್ ಊಹಿಸಿಕೊಂಡೀತು, ಆದರೆ ಊಹೆಯ ಮೇಲೆ ಸೈಟು ಕಟ್ಟಬಾರದು. ಹುಡುಕಿ ತಿದ್ದುವುದು ಸುಲಭ: ರೆಗೆಕ್ಸ್ (ಮಾದರಿ ಕೊಟ್ಟು ಹುಡುಕುವ ವಿಧಾನ) ಬೆಂಬಲಿಸುವ ಎಡಿಟರ್‌ನಲ್ಲಿ [ಅ-್][೦೯] ಎಂದು ಕೊಟ್ಟರೆ ಕನ್ನಡ ಅಕ್ಷರದ ಹಿಂದೆಯೇ ಬಂದ ಸೊನ್ನೆ, ಒಂಬತ್ತು ಎಲ್ಲವೂ ಸಿಗುತ್ತವೆ. ಸೊನ್ನೆಯನ್ನು ಒಂದೇಟಿಗೆ ಬದಲಿಸಬಹುದು. ಒಂಬತ್ತನ್ನು ಮಾತ್ರ ಒಂದೊಂದಾಗಿ ನೋಡಿ ಬದಲಿಸಿ, ಯಾಕೆಂದರೆ ಅರ್ಕಾವತ್ತು ಬರೆಯುವಾಗ ವ್ಯಂಜನದ ನಂತರ ಕಂಡರೂ ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ‘ಕನಾ೯ಟಕ’ದ ೯ ತೆಗೆದು ಅದೇ ಜಾಗಕ್ಕೆ ‘ರ್’ ಹಾಕಿದರೆ ‘ಕನಾರ್ಟಕ’ ಆಗಿಬಿಡುತ್ತದೆ.

ಹಳೆಯ ನುಡಿ, ಬರಹದ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ಲೇಖನ ಇದ್ದರೆ ಕಥೆ ಇನ್ನೂ ಕಷ್ಟ. ಅದು ಫಾಂಟ್ ಇದ್ದಾಗ ಮಾತ್ರ ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸದೆ ಬೇರೆ ದಾರಿಯಿಲ್ಲ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಎರಡನ್ನೂ ಕಣ್ಣಿಟ್ಟು ನೋಡಿ. ಸಾಲು ಸಾಲಿಗೂ ಬಂದಿರುವ ಬಲವಂತದ ಸಾಲುಮುರಿತಗಳನ್ನು ತೆಗೆಯಿರಿ, ಇಲ್ಲದಿದ್ದರೆ ಒಂದು ಪ್ಯಾರಾ ಆರು ತುಂಡಾಗಿರುತ್ತದೆ.

ಇನ್ನು ಬಣ್ಣಬಣ್ಣದ ಚಿತ್ರದೊಳಗೆ ಉತ್ತರ ಬರೆದು ಹಾಕುವ ಅಭ್ಯಾಸ. ವಾಟ್ಸ್ಆ್ಯಪ್‌ಗೆ ಚೆಂದ, ಸ್ನಿಪೆಟ್‌ಗೆ ಅದು ಖಾಲಿ ಜಾಗ.

ಬಸವನಗುಡಿ_ಬರಹ
ಲಿಪಿಗಾರ ಅವರೇ, ತುಂಬ ಉಪಕಾರವಾಯಿತು. ಹಳೆಯ ಲೇಖನಗಳಲ್ಲಿ ಸೊನ್ನೆಗಳು ರಾಶಿ ಇವೆ. ಇಸಿ ಪುಟಕ್ಕೆ ಏನು ಮಾಡಲಿ? ಅಲ್ಲಿ ಹಂತಗಳಿವೆ. ಮೆಟ್ರೊ ಪುಟಕ್ಕೆ ಪಟ್ಟಿ ಚಿತ್ರವಾಗಿ ಇದೆ.

ಯಶವಂತಪುರ_ವೆಬ್
ಇಸಿ ‘ಹೇಗೆ’ ಪ್ರಶ್ನೆ, ಅಲ್ಲಿ ಪ್ಯಾರಾ ಬದಲು ಕ್ರಮಪಟ್ಟಿ ಬರುತ್ತದೆ. ‘1)’, ‘2)’ ಎಂದು ಕೈಯಲ್ಲಿ ಟೈಪ್ ಮಾಡಿದ್ದರೆ ತೆಗೆದು ನಿಜವಾದ ಓಎಲ್ ಪಟ್ಟಿ (ಅಂಕಿಗಳನ್ನು ತಾನೇ ಹಾಕುವ ಟ್ಯಾಗ್) ಮಾಡಿ. ಒಂದು ಹಂತಕ್ಕೆ ಒಂದೇ ವಾಕ್ಯ, ವಾಕ್ಯದ ಕೊನೆಯಲ್ಲಿ ಮಾಡಬೇಕಾದ ಕೆಲಸ: ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಲಾಗಿನ್ ಆಗಿ, ಆನ್‌ಲೈನ್ ಇಸಿ ಆಯ್ಕೆ ಮಾಡಿ, ಆಸ್ತಿಯ ವಿವರ ಮತ್ತು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಬೇಕು ಎಂದು ತುಂಬಿ, ಶುಲ್ಕ ಕಟ್ಟಿ, ಡಿಜಿಟಲ್ ಸಹಿ ಇರುವ ಇಸಿ ಇಳಿಸಿಕೊಳ್ಳಿ. ಪ್ರತಿ ಹಂತದ ಕೆಳಗೆ ಸ್ಕ್ರೀನ್‌ಶಾಟ್, ಎಚ್ಚರಿಕೆ, ಸಲಹೆ ಹಾಕಲೇಬೇಕಿದ್ದರೆ ಹಂತಗಳನ್ನು ಎಚ್3 ಹೆಡಿಂಗ್ ಮಾಡಿ. ಹೆಡಿಂಗ್‌ಗಳನ್ನೇ ಪೋಣಿಸಿ ಗೂಗಲ್ ಪಟ್ಟಿ ತಯಾರಿಸಿಕೊಳ್ಳುವುದುಂಟು. ಆದರೆ ಆಗ ಎಲ್ಲ ಹಂತವೂ ಎಚ್3 ಆಗಿರಲಿ. ಒಂದು ಎಚ್3, ಇನ್ನೊಂದು ಬರೀ ದಪ್ಪಕ್ಷರ ಆದರೆ ಪಟ್ಟಿಯಲ್ಲಿ ಹಂತ ತಪ್ಪುತ್ತದೆ.

ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಸಿಗುತ್ತದೆ ಎಂಬುದನ್ನು ಹಂತಗಳೊಳಗೆ ತುರುಕಬೇಡಿ. ಅದಕ್ಕೆ ಬೇರೆ ಹೆಡಿಂಗ್ ಕೊಡಿ, ಅದೇ ಇನ್ನೊಂದು ಸ್ನಿಪೆಟ್ ಆಗಬಹುದು.

ಕೋರಮಂಗಲ_ಕೋಡ್
ಮೆಟ್ರೊ ಕೋಷ್ಟಕ: ಟೇಬಲ್ ಟ್ಯಾಗ್, ಮೊದಲ ಸಾಲಿಗೆ ಟಿಎಚ್ (ತಲೆಬರಹದ ಕೋಶದ ಟ್ಯಾಗ್). ಕಾಲಂ ಮೂರು ಸಾಕು: ಮಾರ್ಗ, ಒಂದು ತುದಿ, ಇನ್ನೊಂದು ತುದಿ. ನೇರಳೆ, ಚಲ್ಲಘಟ್ಟ, ವೈಟ್‌ಫೀಲ್ಡ್ ಕಾಡುಗೋಡಿ. ಹಸಿರು, ಮಾದಾವರ, ರೇಷ್ಮೆ ಸಂಸ್ಥೆ. ಹಳದಿ, ಆರ್.ವಿ. ರಸ್ತೆ, ಬೊಮ್ಮಸಂದ್ರ. ಕೋಶಗಳನ್ನು ಸೇರಿಸಿ ಅಗಲ ಮಾಡಬೇಡಿ, ಕೋಶದೊಳಗೆ ಎರಡು ಮೂರು ಸಾಲು ತುಂಬಬೇಡಿ. ಫೋನಿನಲ್ಲಿ ಚೆಂದ ಕಾಣಲೆಂದು ಡಿವ್‌ಗಳಿಂದ ಕಟ್ಟಿದ ಕೋಷ್ಟಕವನ್ನು ಕೋಷ್ಟಕ ಎಂದು ಗುರುತಿಸುವುದು ಯಂತ್ರಕ್ಕೆ ಕಷ್ಟ. ಸಾಲು ಜಾಸ್ತಿ ಇದ್ದರೆ ಚೌಕದಲ್ಲಿ ಮೇಲಿನ ಕೆಲವು ಮಾತ್ರ ಕಾಣುತ್ತವೆ, ಜನ ಹೆಚ್ಚು ಕೇಳುವುದನ್ನು ಮೇಲಿಡಿ.

ಕೋಷ್ಟಕ, ಉತ್ತರ ಎರಡೂ ಒತ್ತಿದಾಗ ಮಾತ್ರ ಸರ್ವರ್‌ನಿಂದ ಬರುವ ಹಾಗೆ ಇರಬಾರದು. ಗೂಗಲ್‌ಬಾಟ್ (ಪುಟಗಳನ್ನು ಓದಲು ಬರುವ ಗೂಗಲ್‌ನ ಯಂತ್ರ) ಬಟನ್ ಒತ್ತುವುದಿಲ್ಲ.

ಮಲ್ಲೇಶ್ವರ_ಓದು
ಬರಹದ ಕಡೆಯಿಂದ ಒಂದು ಮಾತು. ಜನ ‘ಋಣಭಾರ ಪ್ರಮಾಣಪತ್ರ ಪಡೆಯುವ ವಿಧಾನ’ ಎಂದು ಹುಡುಕುವುದಿಲ್ಲ, ‘ಇಸಿ ತೆಗೆಯೋದು ಹೇಗೆ’ ಎಂದು ಹುಡುಕುತ್ತಾರೆ. ಹೆಡಿಂಗ್‌ನಲ್ಲಿ ಜನರ ಮಾತು, ಮೊದಲ ವಾಕ್ಯದಲ್ಲಿ ಎರಡೂ: “ಇಸಿ, ಅಂದರೆ ಋಣಭಾರ ಪ್ರಮಾಣಪತ್ರ…” ಅಷ್ಟೆ. ‘ಯಾಕೆ, ಏಕೆ’, ‘ಮಾಡೋದು, ಮಾಡುವುದು’ ಎಂದು ಪ್ರತಿ ರೂಪಕ್ಕೂ ಬೇರೆ ಪುಟ ಬರೆಯುವ ಅಗತ್ಯವಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುವವರು ತುಂಬ ಇದ್ದಾರೆ ನಿಜ. ಅವರಿಗಾಗಿ ಪುಟದ ಕೆಳಗೆ ಕಂಗ್ಲಿಷ್ ಪದಗಳ ಗುಡ್ಡೆ ಹಾಕಬೇಡಿ, ಅದು ಸ್ಪ್ಯಾಮ್ ನಿಯಮಕ್ಕೆ ಸಿಕ್ಕಿಕೊಳ್ಳುತ್ತದೆ. ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದ ಚಿಕ್ಕ ಕನ್ನಡದಲ್ಲಿಟ್ಟರೆ ಸಾಕು. ಕನ್ನಡ ಲಿಪಿಯ ವಿಳಾಸವೂ ನಡೆಯುತ್ತದೆ, ಆದರೆ ಅಂಟಿಸಿದಾಗ ಪ್ರತಿ ಅಕ್ಷರಸಂಕೇತವೂ ಒಂಬತ್ತು ಚಿಹ್ನೆಯಾಗಿ ಉದ್ದವಾಗುತ್ತದೆ.

ಹಲಸೂರು_ಕೆರೆ
ಮೊದಲ ಪೋಸ್ಟ್‌ನಲ್ಲಿದ್ದ ಯಂತ್ರಾನುವಾದದ ಮಾತು ಹಾಗೇ ಉಳಿಯಿತು. ಅಂಥ ಪುಟಕ್ಕೆ ಗೂಗಲ್ ಯಾಕೆ ಮಣೆ ಹಾಕುತ್ತದೆ?

ನುಡಿತಂತ್ರ
ಪ್ರಶ್ನೆಯ ಆಕಾರಕ್ಕೆ ಹೊಂದುವ ತುಣುಕು ಬೇರೆಲ್ಲೂ ಸಿಗದಿದ್ದರೆ ಇದ್ದುದನ್ನೇ ಎತ್ತುತ್ತದೆ. 2021ರ ಜೂನ್ ನೆನಪಿಸಿಕೊಳ್ಳಿ. ಭಾರತದಲ್ಲಿ ಅತ್ಯಂತ ಕುರೂಪದ ಭಾಷೆ ಯಾವುದು ಎಂಬ ಇಂಗ್ಲಿಷ್ ಹುಡುಕಾಟಕ್ಕೆ ಚೌಕದಲ್ಲಿ ಕನ್ನಡದ ಹೆಸರು ಬಂದಿತ್ತು. ನಾಡಿನಲ್ಲೆಲ್ಲ ಆಕ್ರೋಶ ಎದ್ದಿತು, ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು, ಗೂಗಲ್ ಉತ್ತರ ತೆಗೆದು ಕ್ಷಮೆ ಕೇಳಿತು. ಪ್ರಶ್ನೆಯೇ ಹುರುಳಿಲ್ಲದ್ದು. ಅಂಥ ಪ್ರಶ್ನೆಗೆ ಒಂದೇ ವಾಕ್ಯದ ನೇರ ಉತ್ತರ ಎಲ್ಲೋ ಒಂದು ಕಳಪೆ ಪುಟದಲ್ಲಿತ್ತು, ಯಂತ್ರ ಆಕಾರ ನೋಡಿ ಅದನ್ನು ಎತ್ತಿತು. ಅಷ್ಟು ದೊಡ್ಡ ಭಾಷಾ ಪರಂಪರೆಗೆ ಆದ ಅವಮಾನ ಅದು, ಈಗ ನೆನೆದರೂ ಬೇಸರವಾಗುತ್ತದೆ.

2022ರ ಆಗಸ್ಟ್‌ನಲ್ಲಿ ಗೂಗಲ್ ಎರಡು ಬದಲಾವಣೆ ಪ್ರಕಟಿಸಿತು. ಚೌಕದ ಮುಖ್ಯ ಹೇಳಿಕೆಯನ್ನು ಬೇರೆ ಉತ್ತಮ ಮೂಲಗಳೂ ಒಪ್ಪುತ್ತವೆಯೇ ಎಂದು ಎಂಯುಎಂ ಎಂಬ ತನ್ನ ಎಐ ಮಾದರಿಯಿಂದ ಪರೀಕ್ಷಿಸುವುದು ಒಂದು. ಪ್ರಶ್ನೆಯೇ ತಪ್ಪು ನಂಬಿಕೆಯ ಮೇಲೆ ನಿಂತಿದ್ದರೆ ಸ್ನಿಪೆಟ್ ತೋರಿಸುವುದನ್ನು 40 ಶೇಕಡಾ ಕಡಿಮೆ ಮಾಡಿದ್ದು ಇನ್ನೊಂದು. ನಮಗೆ ಇದರಿಂದ ಗೊತ್ತಾಗುವುದೇನೆಂದರೆ, ನಿಮ್ಮ ಮೊದಲ ವಾಕ್ಯದ ಸಾರ ಬಲ್ಲ ಮೂಲಗಳಿಗೆ ಹೊಂದಬೇಕು. ಎಲ್ಲೂ ಇಲ್ಲದ ಹೊಸ ವ್ಯಾಖ್ಯಾನ ಮೊದಲ ವಾಕ್ಯದಲ್ಲಿ ಬೇಡ, ನಿಮ್ಮ ಅಭಿಪ್ರಾಯ ಮೂರನೇ ಪ್ಯಾರಾದಲ್ಲಿ ಬರಲಿ. ಕನ್ನಡದಲ್ಲಿ ಸರಿಯಾದ ತುಣುಕುಗಳು ಹೆಚ್ಚಿದಷ್ಟೂ ಯಂತ್ರಾನುವಾದಕ್ಕೆ ಜಾಗ ಕಡಿಮೆ. ಈಗ ಕಾಣುವ ಉತ್ತರ ತಪ್ಪಿದ್ದರೆ ಚೌಕದ ಕೆಳಗಿನ ಪ್ರತಿಕ್ರಿಯೆ ಕೊಂಡಿ ಒತ್ತಿ, ಏನು ತಪ್ಪು ಎಂದು ಬರೆದು ಕಳಿಸಿ.

ಯಶವಂತಪುರ_ವೆಬ್
ಹಳೆಯದಾಗುವ ಸಮಸ್ಯೆಯನ್ನೂ ಮರೆಯಬೇಡಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ‘ಬಿಬಿಎಂಪಿ ಕೊಡುತ್ತದೆ’ ಎಂದೇ ಉಳಿದಿರುವ ಪ್ಯಾರಾಗಳನ್ನು ಇವತ್ತೇ ತಿದ್ದಿ. ಜನ ಇನ್ನೂ ‘ಬಿಬಿಎಂಪಿ ಖಾತಾ’ ಎಂದೇ ಹುಡುಕುವುದರಿಂದ ಹಳೆಯ ಹೆಸರನ್ನು ‘ಹಿಂದಿನ ಬಿಬಿಎಂಪಿ’ ಎಂದು ಒಮ್ಮೆ ಉಳಿಸಿಕೊಳ್ಳಿ. ಒಳಗೆ ಏನೂ ತಿದ್ದದೆ ಮೇಲಿನ ದಿನಾಂಕ ಮಾತ್ರ ಬದಲಿಸುವುದು ಓದುಗರಿಗೆ ಸುಳ್ಳು ಹೇಳಿದಂತೆ.

ಬಸವನಗುಡಿ_ಬರಹ
ಯಾವ ಪುಟದಿಂದ ಶುರು ಮಾಡಬೇಕು, ಸ್ನಿಪೆಟ್ ಸಿಕ್ಕಿತೋ ಇಲ್ಲವೋ ಹೇಗೆ ತಿಳಿಯುವುದು? ಸೈಟಿನವರಿಗೆ ಹುಡುಕಾಟದ ಅಂಕಿಅಂಶ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಅಂಥ ಫಿಲ್ಟರ್ ಕಾಣಲಿಲ್ಲ.

ಕೋರಮಂಗಲ_ಕೋಡ್
ಅಂಥ ಫಿಲ್ಟರ್ ಇಲ್ಲ, ಸುತ್ತು ದಾರಿ ಇದೆ. ಪರ್ಫಾರ್ಮೆನ್ಸ್ ವರದಿ ತೆರೆದು, ಕ್ವೆರಿ ಫಿಲ್ಟರ್‌ನಲ್ಲಿ ಕಸ್ಟಮ್ ರೆಗೆಕ್ಸ್ ಆರಿಸಿ ಇದನ್ನು ಹಾಕಿ: ಎಂದರೇನು|ಅಂದ್ರೆ|ಹೇಗೆ|ಎಷ್ಟು|ಯಾವ|ಯಾಕೆ|ಏಕೆ|ವ್ಯತ್ಯಾಸ. ಸರಾಸರಿ ಸ್ಥಾನ 10ಕ್ಕಿಂತ ಕಡಿಮೆ ಇರುವವನ್ನು ಉಳಿಸಿ, ಇಂಪ್ರೆಶನ್ (ಫಲಿತಾಂಶದಲ್ಲಿ ಎಷ್ಟು ಸಲ ಕಂಡಿತು) ಪ್ರಕಾರ ಜೋಡಿಸಿ. ಮೇಲಿನ ಹತ್ತು ಹದಿನೈದು ಪ್ರಶ್ನೆಗಳನ್ನು ಇನ್‌ಕಾಗ್ನಿಟೊದಲ್ಲಿ ಹುಡುಕಿ ನೋಡಿ. ಈಗಾಗಲೇ ಚೌಕ ಬರುವ ಪ್ರಶ್ನೆಗಳಿಂದಲೇ ಶುರು ಮಾಡಿ, ಯಾಕೆಂದರೆ ಚೌಕವೇ ಬಾರದ ಪ್ರಶ್ನೆಗೆ ನೀವು ಎಷ್ಟು ಚೆನ್ನಾಗಿ ಬರೆದರೂ ಅದು ಬರುತ್ತದೆಂಬ ಖಾತ್ರಿಯಿಲ್ಲ.

ತಿದ್ದಿದ ಮೇಲೆ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಮರು ಇಂಡೆಕ್ಸ್ ಕೋರಿ. ಆಮೇಲೆ ಆ ಒಂದು ಪ್ರಶ್ನೆ, ಆ ಒಂದು ಪುಟ ಎರಡನ್ನೂ ಫಿಲ್ಟರ್ ಮಾಡಿ ದಿನವಾರು ನೋಡಿ. ಸ್ಥಾನ 5ರ ಸುತ್ತ ಇದ್ದದ್ದು ಒಮ್ಮೆಲೇ 1ಕ್ಕೆ ಜಿಗಿದಿದ್ದರೆ ಅದು ಸ್ನಿಪೆಟ್, ನಿಧಾನಕ್ಕೆ 5, 4, 3 ಎಂದು ಏರಿದ್ದರೆ ಮಾಮೂಲಿ ಏರಿಕೆ. ಜಿಗಿದ ಮೇಲೆ ಕ್ಲಿಕ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದೇ ಹಲಸೂರು ಅವರ ತಕರಾರಿಗೆ ಉತ್ತರ, ಪ್ರಶ್ನೆ ಪ್ರಶ್ನೆಗೂ ಬೇರೆ. ಒಮ್ಮೆ ಸಿಕ್ಕದ್ದು ವಾರದಲ್ಲಿ ಕೈಬಿಟ್ಟು ಮತ್ತೆ ಬರಬಹುದು, ಪ್ರತಿ ಏರಿಳಿತಕ್ಕೂ ಪ್ಯಾರಾ ಬದಲಿಸುತ್ತ ಕೂರಬೇಡಿ.

ಹಲಸೂರು_ಕೆರೆ
ಎಐ ಓವರ್‌ವ್ಯೂ (ಗೂಗಲ್‌ನ ಎಐ ಬರೆದು ಮೇಲೆ ತೋರಿಸುವ ಸಾರಾಂಶ) ಬಂದ ಮೇಲೂ ಇದಕ್ಕೆಲ್ಲ ಬೆಲೆ ಇದೆಯೆ?

ನುಡಿತಂತ್ರ
ಭಾರತಕ್ಕೆ ಅದು 2024ರ ಆಗಸ್ಟ್‌ನಲ್ಲಿ ಇಂಗ್ಲಿಷ್, ಹಿಂದಿಯಲ್ಲಿ ಬಂತು. ಅದು ಬಂದ ಪ್ರಶ್ನೆಗಳಲ್ಲಿ ಹಳೆಯ ಚೌಕ ಹಲವು ಕಡೆ ಕಾಣುವುದಿಲ್ಲ, ನಿಜ. ಆದರೆ ಅದೂ ಪುಟಗಳಿಂದಲೇ ಮಾಹಿತಿ ತೆಗೆದು ಪಕ್ಕದಲ್ಲಿ ಕೊಂಡಿ ಕೊಡುತ್ತದೆ. ಒಂಟಿಯಾಗಿ ನಿಲ್ಲುವ, ಹೆಸರಿನಿಂದ ಶುರುವಾಗುವ ಪ್ಯಾರಾ ಅಲ್ಲೂ ಕೆಲಸಕ್ಕೆ ಬರುತ್ತದೆ. ಅದರಲ್ಲಿ ಬರುವುದು ಬೇಡ ಎನ್ನುವವರಿಗೆ ಇರುವ ಹತೋಟಿಯೂ ನೋಸ್ನಿಪೆಟ್, ಮ್ಯಾಕ್ಸ್-ಸ್ನಿಪೆಟ್‌ಗಳೇ. ರೋಬೋಟ್ಸ್ ಕಡತದಲ್ಲಿ ಗೂಗಲ್-ಎಕ್ಸ್‌ಟೆಂಡೆಡ್ ತಡೆದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಅದು ಗೂಗಲ್‌ನ ಎಐ ಜೆಮಿನಿಗೆ ಸಂಬಂಧಿಸಿದ್ದು, ಸರ್ಚ್‌ನಲ್ಲಿ ಏನು ಕಾಣಬೇಕು ಎಂಬುದಕ್ಕೆ ಅನ್ವಯಿಸುವುದಿಲ್ಲ.

ಬಸವನಗುಡಿ_ಬರಹ
ಕೊನೆಯದೊಂದು. ‘ಎ ಖಾತಾ ಎಂದರೇನು’, ‘ಬಿ ಖಾತಾ ಎಂದರೇನು’, ‘ಎ ಬಿ ಖಾತಾ ವ್ಯತ್ಯಾಸ’ ಎಂದು ಮೂರು ಪುಟಗಳಿವೆ. ಮೂರರಲ್ಲೂ ಮೂರೂ ವಿಷಯ ಬರುತ್ತದೆ. ಇರಲಿಯೆ?

ಮಲ್ಲೇಶ್ವರ_ಓದು
ಬೇಡ ಮೇಡಂ. ಒಂದೇ ಪ್ರಶ್ನೆಗೆ ನಿಮ್ಮದೇ ಮೂರು ಪುಟ ಜಗಳವಾಡುತ್ತವೆ, ಕನ್ಸೋಲ್‌ನಲ್ಲಿ ಒಂದೇ ಕ್ವೆರಿಗೆ ವಿಳಾಸ ಬದಲಾಗುತ್ತಿದ್ದರೆ ಅದೇ ಲಕ್ಷಣ. ಹೆಚ್ಚು ಇಂಪ್ರೆಶನ್ ಇರುವ ಪುಟವನ್ನು ಉಳಿಸಿ, ಅದರಲ್ಲಿ ಎ ಖಾತಾ, ಬಿ ಖಾತಾ ಒಂದೊಂದಕ್ಕೂ ಎಚ್2 ಮತ್ತು ಮೇಲೆ ಹೇಳಿದ ಅಳತೆಯ ಪ್ಯಾರಾ ಕೊಡಿ. ವ್ಯತ್ಯಾಸಕ್ಕೆ ಎರಡು ಕಾಲಂನ ಕೋಷ್ಟಕ ಮಾಡಿ. ಉಳಿದೆರಡು ಪುಟಗಳನ್ನು ಶಾಶ್ವತವಾಗಿ ದಾರಿ ಬದಲಿಸುವ 301 ರೀಡೈರೆಕ್ಟ್‌ನಿಂದ ಇದಕ್ಕೆ ತಿರುಗಿಸಿ. ಸೈಟಿನೊಳಗೆ ಹಳೆಯ ವಿಳಾಸಕ್ಕೆ ಇರುವ ಕೊಂಡಿಗಳನ್ನೂ ಹೊಸದಕ್ಕೆ ಬದಲಿಸಿ, ರೀಡೈರೆಕ್ಟ್ ಇದೆಯೆಂದು ಬಿಟ್ಟುಬಿಡಬೇಡಿ.